ಹಳೆಯ ಕೋರ್ಟಿನ ಕೂಗು

ಬೀಗ ತೆಗೆದರೂ ಬಾಗಿಲು ಜಗ್ಗಲಿಲ್ಲ. ಕಾವಲುಗಾರ ನನ್ನೇಸಾಬ ಹೆಗಲು ಕೊಟ್ಟು ನೂಕಿದಾಗ ಒಳಗಿನ ತಣ್ಣನೆಯ ಗಾಳಿ ಮೂವರ ಮುಖಕ್ಕೂ ಬಡಿಯಿತು. ಹೊರಗೆ ಮಟಮಟ ಮಧ್ಯಾಹ್ನ. ಕೋರ್ಟು ಹೊಸ ಕಟ್ಟಡಕ್ಕೆ ಹೋದ ಮೇಲೆ ಇಲ್ಲಿ ಬಾವಲಿಗಳದೇ ಕಲಾಪ.

ಸುರೇಖಾ ಸಿಂಧನೂರಿನಲ್ಲಿ ಎಂಜಿನಿಯರ್. ನಿಜಾಮರ ಕಾಲದ ಈ ಕಟ್ಟಡದ ದುರಸ್ತಿಗೆ ಅಳತೆ ತೆಗೆಯಲು ಬಂದಿದ್ದಳು. ತಾಯಿ ಪಕೀರಮ್ಮ ತಾನೂ ಬರುತ್ತೇನೆಂದು ಹಟ ಹಿಡಿದು ಹೊರಟವಳು ಮಸ್ಕಿ ದಾಟಿದರೂ ಬಸ್ಸಿನಲ್ಲಿ ತುಟಿ ಬಿಚ್ಚಿರಲಿಲ್ಲ.

"ನಿಮ್ಮೋರ ದಾವಾನೂ ಇಲ್ಲೇ ನಡೆದಿತ್ತಂತಲ್ರಿ ಬಾಯಿ. ಹೆಸರೇನ್ರಿ ಅವ್ರದು?" ನನ್ನೇಸಾಬ ಕೇಳಿದ.

ಪಕೀರಮ್ಮ ಮಗಳ ಕಡೆ ತಿರುಗಿದಳು. "ನೀ ಹೇಳು." ಗಂಡನ ಹೆಸರು ಅವಳ ಬಾಯಲ್ಲಿ ಒಮ್ಮೆಯೂ ಬಂದದ್ದಿಲ್ಲ.

"ಯಂಕೋಬ," ಎಂದಳು ಸುರೇಖಾ.

ಬಳಗಾನೂರಿನ ಹೊಲಕ್ಕಾಗಿ ಯಂಕೋಬ ದಾಯಾದಿಗಳ ಮೇಲೆ ದಾವೆ ಹಾಕಿದ್ದ. ಬಾಗಿಲಲ್ಲಿ ಜವಾನ ಮೂರು ಸಲ ಹೆಸರು ಕೂಗಿದರೂ ಬರಲಿಲ್ಲವೆಂದು ಅದು ವಜಾ ಆಯಿತು. ಎದುರಿನ ಬೇವಿನ ಗಿಡದ ಬುಡಕ್ಕೇ ಕೂತಿದ್ದೆ, ಯಾವ ಕೂಗೂ ಕೇಳಲಿಲ್ಲ ಎಂದು ಅವನು ಸಾಯುವವರೆಗೂ ಹೇಳಿದ. ಶೇಂದಿ ಅಂಗಡಿಯಲ್ಲಿ ಕೂತಿದ್ದ ಎಂಬುದು ಪಕೀರಮ್ಮನ ತೀರ್ಪು. ಅದಕ್ಕೆ ಮೇಲ್ಮನವಿ ಇರಲಿಲ್ಲ. ಕಂಡವರ ಗದ್ದೆಯಲ್ಲಿ ಕೂಲಿ ಮಾಡಿ ಬಂದವನಿಗೆ ಅನ್ನ ಇಕ್ಕುತ್ತಿದ್ದಳು, ಮಾತಾಡುತ್ತಿರಲಿಲ್ಲ. ಹೋದ ವರ್ಷ ಅವನು ತೀರಿಕೊಂಡಾಗಲೂ ಅಳಲಿಲ್ಲ. ಸುರೇಖಾಳಿಗೆ ತಾಯಿಯ ಮೇಲಿನ ಆ ಸಿಟ್ಟು ಇನ್ನೂ ಆರಿರಲಿಲ್ಲ.

ಒಳಗೆ ಆಳೆತ್ತರದ ಕಿಟಕಿಗಳು, ಗೇಣುಗಟ್ಟಲೆ ದಪ್ಪದ ಕಲ್ಲಿನ ಗೋಡೆ, ಕತ್ತಲಲ್ಲಿ ಕರಗಿದ ಸಾಗುವಾನಿ ತೊಲೆಗಳು. ಧೂಳಿಗೆ ಸುರೇಖಾ ಸೀನಿದಳು. ನ್ಯಾಯಾಧೀಶರ ಕಟ್ಟೆಯ ಹಿಂದೆ ಯಾರೋ ಸೀನಿದಂತಾಯಿತು. ಅದು ತನ್ನದೇ ಸೀನಿನ ಮಾರ್ದನಿ ಎಂದು ಹೊಳೆದು ಅವಳು ಅಳತೆಯ ಟೇಪು ಸುತ್ತಿಟ್ಟಳು.

"ಯವ್ವಾ, ಆ ಬೇವಿನ ಗಿಡದ ಬುಡಕ್ಕ ಹೋಗಿ ಕುಂದ್ರು. ಅಪ್ಪನ ಹೆಸರು ಇಲ್ಲಿಂದ ಕೂಗ್ತೀನಿ. ಕೇಳ್ತದೋ ಇಲ್ಲೋ ನೋಡೂಣು."

"ಕೇಳದ ಏನು? ಇಲ್ಲೇ ಐತಲ್ಲ ಗಿಡ," ಎನ್ನುತ್ತ ಪಕೀರಮ್ಮ ಗೆದ್ದವಳ ಹಾಗೆ ನಡೆದಳು.

ಜವಾನ ನಿಲ್ಲುತ್ತಿದ್ದ ಹೊಸ್ತಿಲಲ್ಲಿ ನಿಂತು ಸುರೇಖಾ ಕೂಗಿದಳು. "ಯಂಕೋಬಾ... ಹಾಜರ್!" ದನಿ ಪಡಸಾಲೆಯ ಕಮಾನುಗಳಿಗೆ ತಾಗಿ ಅವಳ ಬೆನ್ನ ಹಿಂದಕ್ಕೇ ಹೊರಳಿತು. ಇನ್ನೆರಡು ಸಲ ಗಂಟಲು ಹರಿಯುವಂತೆ ಕೂಗಿದಳು. ಗಿಡದ ಕೆಳಗೆ ತಾಯಿ ಆರಾಮವಾಗಿ ಎಲೆಗೆ ಸುಣ್ಣ ಸವರುತ್ತಿದ್ದಳು.

ಸುರೇಖಾ ಅವಳ ಹತ್ತಿರ ಹೋದಳು, ಹಿಂದೆಯೇ ನನ್ನೇಸಾಬನೂ ಬಂದ.

"ಇನ್ನ ಯಾವಾಗ ಕೂಗಾಕಿ?" ಎಂದಳು ಪಕೀರಮ್ಮ.

"ಮೂರು ಸರ್ತಿ ಕೂಗೀನಿ ಬೇ."

ಪಕೀರಮ್ಮ ನಂಬದೆ ನನ್ನೇಸಾಬನನ್ನು ನೋಡಿದಳು.

"ಹೌದ್ರಿ, ಕೂಗಿದ್ರು. ಈ ಕಟ್ಟಡ ಮಾತು ಒಳಗ ಎಳ್ಕೊಂತೈತ್ರಿ ಬಾಯಿ. ಹೊರಗ ಬಿಡಂಗಿಲ್ಲ."

ಎಲೆ ಅವಳ ಕೈಯಿಂದ ಜಾರಿತು. "ಅಂವ ಖರೇನ ಹೇಳಿದ್ನಲ್ಲಬೇ," ಎಂದಳು. "ಖರೇನ ಹೇಳ್ಯಾನ. ನಾ ಒಂದಿನಾನೂ ಕೇಳಲಿಲ್ಲ." ಅಳು ಒತ್ತಿಕೊಂಡು ಬಂತು. ಸುರೇಖಾಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಪಕೀರಮ್ಮ ಎದ್ದಳು. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ತಲೆ ತುಂಬ ಸೆರಗು ಹೊದ್ದು ಹೊಸ್ತಿಲಲ್ಲಿ ನಿಂತಳು.

"ಯಂಕೋಬಾ," ಎಂದಳು.

ಆ ಹೆಸರನ್ನು ತಾಯಿಯ ಬಾಯಲ್ಲಿ ಸುರೇಖಾ ಕೇಳಿದ್ದು ಅದೇ ಮೊದಲು. ಹೆಸರು ಕಟ್ಟೆಯ ಹಿಂದಿನಿಂದ ಮರಳಿತು, ಅಮ್ಮನ ದನಿಗಿಂತ ಕೊಂಚ ದಪ್ಪಗೆ. ಎರಡನೆಯ ಸಲ ಕರೆದಾಗ ಅದು ಸಾಕ್ಷಿ ಕಟಕಟೆಯ ಹತ್ತಿರದಿಂದ ಬಂತು.

"ಯಂಕೋಬಾ, ಬಾ."

ಮೂರನೆಯ ಸಲ ಏನೂ ಮರಳಲಿಲ್ಲ. ತೊಲೆಗಳಲ್ಲಿ ಪಟಪಟ ಎನ್ನುತ್ತಿದ್ದ ಬಾವಲಿಗಳೂ ಸುಮ್ಮನಾದವು.

ಪಕೀರಮ್ಮ ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಒಂದು ಬದಿಗೆ ನಿಂತಳು. ನನ್ನೇಸಾಬ ಬಾಗಿಲು ಎಳೆಯಲು ಹೋದ.

"ತಡೀರಿ," ಎಂದಳು ಪಕೀರಮ್ಮ. "ಇನ್ನೊಬ್ರು ಬರೋರದಾರ."

ನನ್ನೇಸಾಬ ಬಾಗಿಲು ಹಿಡಿದು ಬದಿಗೆ ಸರಿದ. ಒಳಗೆ ಕತ್ತಲೆ ಬಿಟ್ಟರೆ ಸುರೇಖಾಳಿಗೆ ಏನೂ ಕಾಣಲಿಲ್ಲ. ಪಕೀರಮ್ಮ ಹೊಸ್ತಿಲನ್ನೇ ನೋಡುತ್ತಿದ್ದಳು. ಆಮೇಲೆ ಅವಳ ನೋಟ ನಿಧಾನವಾಗಿ ಒಂದೊಂದೇ ಮೆಟ್ಟಿಲು ಇಳಿದು ಬಂತು. ಸೆರಗು ಮುಂದಕ್ಕೆಳೆದುಕೊಂಡಳು.

"ಈಗ ಹಾಕ್ರಿ."

ನನ್ನೇಸಾಬ ಬಾಗಿಲು ಎಳೆದ. ಈ ಸಲ ಅದು ಎಲ್ಲಿಯೂ ತಡೆಯದೆ ಮುಚ್ಚಿಕೊಂಡಿತು.