ಅಜ್ಜಿಯನ್ನು ಕೂರಿಸಿ ಅಳೆದ ಕೊಳವೆ

ನನ್ನ ದೋಣಿಯ ಎಂಜಿನ್ನಿಗೆ ನನ್ನ ಮಗಳಿಗಿಂತ ಹೆಚ್ಚು ವಯಸ್ಸು. ಅದರ ಹೊಗೆಕೊಳವೆಯ ಬಾಗನ್ನು ಬಿಚ್ಚಿದರೆ, ತುಕ್ಕು ತಿಂದ ಕಬ್ಬಿಣ ಕೈಯಲ್ಲೇ ಪುಡಿಯಾಯಿತು. ಆ ಭಾಗ ಈಗ ಬರುವುದಿಲ್ಲ, ಹೊಸ ಎಂಜಿನ್ ತಗೊಳ್ಳಿ ಎಂದ ಅಂಗಡಿಯವನು. ಬಾಯಿದ್ದವರು ಏನು ಬೇಕಾದರೂ ಹೇಳುತ್ತಾರೆ.

ಜೇಜು ದ್ವೀಪದ ನಮ್ಮ ಬಂದರಿನಿಂದ, ಮುಳುಗಿ ಶಂಖ ಹೆಕ್ಕುವ ಹೆಂಗಸರನ್ನು ಕಡಲಿಗೆ ಕರೆದೊಯ್ಯುವುದು ಇದೊಂದೇ ದೋಣಿ. ನಾಳಿದ್ದು ಶಂಖದ ಸುಗ್ಗಿ ಶುರು. ಉಳಿದವರು ಹೇಗೋ ದಡದ ಬಂಡೆಗಳನ್ನು ದಾಟಿ ನೀರಿಗಿಳಿದಾರು. ಅವರಲ್ಲಿ ಹಿರಿಯಳಾದ ಸುನ್‌ಬೋಕ್ ಅಜ್ಜಿಗೆ ಮಂಡಿ ಹೋಗಿದೆ. ದೋಣಿ ಇಲ್ಲದಿದ್ದರೆ ಅವಳ ಕಡಲು ಅಲ್ಲಿಗೇ ಮುಗಿಯಿತು. ಅವಳ ಮಂಡಿ ನೋಯದೆ ಇರುವುದು ನೀರಿನೊಳಗೆ ಮಾತ್ರ.

ಬೆಸುಗೆಯ ಟೇಗಿಲ್ ಬಂದು ಅಳತೆ ತೆಗೆದುಕೊಂಡು ಹೋಗಿ, ಸ್ಟೀಲಿನಲ್ಲಿ ಹೊಸ ಬಾಗು ಮಾಡಿ ತಂದು ಕೂರಿಸಿದ. ಎಂಜಿನ್ ಹೊತ್ತಿಕೊಂಡಿತು, ಹಿಂದುಗಡೆ ಹೊಗೆ, ಎಂಜಿನ್ ತಂಪು ಮಾಡಿದ ನೀರು ಎರಡನ್ನೂ ಸರಿಯಾಗಿ ಉಗುಳಿತು. ನಾನು ಹಿಗ್ಗಿ ಹೆಂಗಸರನ್ನು ಹತ್ತಿಸಿಕೊಂಡು ಬಂದರಿನೊಳಗೇ ಒಂದು ಸುತ್ತು ಹಾಕಿದೆ. ಎಂಜಿನ್ ನಿಲ್ಲಿಸಿದ ಕೂಡಲೇ ಕೊಳವೆಯೊಳಗೆ ಗುಳುಗುಳು ಸದ್ದು. ಬಿಚ್ಚಿ ನೋಡಿದರೆ ಕಡಲ ನೀರು ಹಿಂದಕ್ಕೆ ಹತ್ತಿ ಬಂದು, ಎಂಜಿನ್ನಿನ ಬಾಯಿಗೆ ಒಂದು ಬೆರಳು ದೂರದಲ್ಲಿ ನಿಂತಿತ್ತು. ಒಳಗೆ ಹೋಗಿದ್ದರೆ ಎಂಜಿನ್ನಿನ ಕಥೆ ಮುಗಿದಂತೆ.

"ಎಂಥಾ ಕೆಲ್ಸಾನೋ ಇದು?" ಎಂದು ಟೇಗಿಲ್ ಮೇಲೆ ಹರಿಹಾಯ್ದೆ.

ಅವನ ಮುಖ ಸಪ್ಪಗಾಯಿತು. "ಖಾಲಿ ದೋಣೀಲಿ ಅಳತೆ ತಗೊಂಡ್ಬಿಟ್ಟೆ ಅಣ್ಣಾ. ಇವ್ರೆಲ್ಲ ಕೂತ್ರೆ ಹಿಂಭಾಗ ಇಷ್ಟು ಇಳಿದು ಬಾಗು ನೀರಿನ ಮಟ್ಟಕ್ಕೇ ಬರುತ್ತೆ ಅಂತ ಹೊಳೀಲೇ ಇಲ್ಲ."

ಹಿಂಭಾಗದಲ್ಲಿ ಕೂರುವುದು ಸುನ್‌ಬೋಕ್ ಅಜ್ಜಿ. ಅಲ್ಲಿಂದ ನೀರಿಗೆ ಜಾರುವುದು ಅವಳಿಗೆ ಸಲೀಸು.

"ನನ್ ಭಾರಾನೇ ಜಾಸ್ತಿ ಆಯ್ತು ಅನ್ನಿ. ನನ್ನ ಬಿಟ್ಟು ಹೋಗ್ರಪ್ಪ," ಎಂದು ನಗುತ್ತಲೇ, ಮುಳುಗಲು ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿ ಬಿಚ್ಚತೊಡಗಿದಳು.

ಟೇಗಿಲ್ ಅವಳ ಕೈ ಹಿಡಿದ. "ಬಿಚ್ಬೇಡಿ ಅಜ್ಜಿ. ಅಲ್ಲೇ ಕೂತಿರಿ. ಎಲ್ರೂ ನಿಮ್ ನಿಮ್ ಜಾಗದಲ್ಲೇ ಕೂತ್ಕೊಳ್ಳಿ, ಶಂಖದ ಬದ್ಲು ಬಲೆಚೀಲಕ್ಕೆ ಕಲ್ಲು ತುಂಬ್ಕೊಳ್ಳಿ. ಈ ಸಲ ನಿಮ್ಮನ್ನೂ ಸೇರಿಸೇ ಅಳೀತೀನಿ."

ಮಧ್ಯಾಹ್ನವಿಡೀ ಅವರು ರಬ್ಬರ್ ಅಂಗಿಯಲ್ಲಿ ಬೇಯುತ್ತ, ಬೇಯಿಸಿದ ಗೆಣಸು ತಿನ್ನುತ್ತ ಕೂತರು. ಟೇಗಿಲ್ ಗುರುತು ಹಾಕುವುದು, ಕಟ್ಟೆಗೆ ಹಾರಿ ಕೊಯ್ದು ಬೆಸೆಯುವುದು, ಮತ್ತೆ ತಂದು ಹಿಡಿದು ನೋಡುವುದು ನಡೆದೇ ಇತ್ತು.

"ಬೇಗ ಮುಗ್ಸೋ," ಎಂದಳು ಅಜ್ಜಿ. "ಬೆವ್ರು ಸುರಿದು ನಾವೆಲ್ಲ ಹಗುರಾದ್ರೆ ಮತ್ತೆ ಅಳತೆ ತಪ್ಪೀತು."

ಸುಗ್ಗಿಯ ಮೊದಲ ದಿನ ಕಡಲ ನಡುವೆ ಎಂಜಿನ್ ನಿಲ್ಲಿಸಿದೆ. ಮುಳುಗಿ ಎದ್ದವರ ಶಿಳ್ಳೆಯಂಥ ಉಸಿರು ಸುತ್ತಲೂ ಕೇಳುತ್ತಿತ್ತು. ಕೊನೆಗೆ ಹತ್ತಿದವಳು ಸುನ್‌ಬೋಕ್ ಅಜ್ಜಿ. ತುಂಬಿದ ಚೀಲ ಎಳೆದುಕೊಂಡು ತನ್ನ ಜಾಗದಲ್ಲಿ ಕೂತಳು. ಹಿಂಭಾಗ ಇಳಿಯಿತು. ಕೊಳವೆಗೆ ಕಿವಿಗೊಟ್ಟೆ, ಸದ್ದಿರಲಿಲ್ಲ. ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಎಂಜಿನ್ ಹೊತ್ತಿಕೊಂಡಿತು.

ಅಜ್ಜಿ ತನ್ನ ಚೀಲವನ್ನೊಮ್ಮೆ ನೋಡಿದಳು.

"ಹಾಗಾದ್ರೆ ನಾಳೆ ದೊಡ್ಡ ಚೀಲಾನೇ ತರ್ತೀನಿ."