ಹನ್ನೆರಡು ಪಟ್ಟು

ಹೊಸ ಕುಲುಮೆಗೆ ಮೊದಲ ಬೆಂಕಿ ಹಾಕಿದ ದಿನ, ಅದನ್ನು ಕಟ್ಟಿದ ಮೇಸ್ತ್ರಿ ಎಲ್ಲರೆದುರು ಅದರ ಹೊರಗಿನ ತಗಡಿನ ಮೇಲೆ ಬರಿಗೈ ಇಟ್ಟು ಹತ್ತು ಎಣಿಸಬೇಕು. ಆ ಕಾರ್ಖಾನೆಯಲ್ಲಿ ಅದು ಯಾವತ್ತಿನಿಂದಲೋ ನಡೆದುಬಂದ ಪದ್ಧತಿ. ಮಾಪಕ ಏನೇ ತೋರಿಸಲಿ, ಮೇಸ್ತ್ರಿಯ ಕೈ ಒಪ್ಪಿದ ಮೇಲೆಯೇ ಯಜಮಾನರು ಸಹಿ ಹಾಕುವುದು. ಈ ಮೇಸ್ತ್ರಿ ಮೂವತ್ತೊಂದು ಕುಲುಮೆ ಕಟ್ಟಿದ್ದರು. ಮೂವತ್ತೊಂದು ಸಲವೂ ಹತ್ತು ಎಣಿಸಿ, ಅಂಗೈ ಎತ್ತಿ ಎಲ್ಲರಿಗೂ ತೋರಿಸಿ, ಪ್ಯಾಂಟಿಗೆ ಒರೆಸಿಕೊಂಡು ಟೀ ಕುಡಿಯಲು ಹೋಗಿದ್ದರು.

ಮೂವತ್ತೆರಡನೆಯದರ ಲೆಕ್ಕ ಹಾಕಿದವಳು ಅವರ ಮಗಳು. ಗೋಡೆ ಎಷ್ಟು ದಪ್ಪ ಇರಬೇಕೆಂದು ಕಚೇರಿಯ ಮೂಲೆಯ ಮೇಜಿನಲ್ಲಿ ಕೂತು ಹೇಳುವುದೇ ಅವಳ ಕೆಲಸ. ಕೆಲಸಗಾರರು ಅವಳನ್ನು ಲೆಕ್ಕದಮ್ಮ ಎಂದೇ ಕರೆಯುತ್ತಿದ್ದರು. "ಲೆಕ್ಕದಮ್ಮ ಹೇಳಿದ್ಮೇಲೆ ಮುಗೀತು" ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವರು ಅವಳಪ್ಪನೇ. ಮಗಳ ಬಗ್ಗೆ ಅವರಿಗೆ ಅಷ್ಟು ಜಂಬವಿತ್ತು.

ಪ್ರತಿ ಇಟ್ಟಿಗೆಗೂ ಒಂದು ಅಂಕಿ ಇರುತ್ತದೆ. ಅದು ಎಷ್ಟು ಬಿಸಿಯನ್ನು ಆಚೆಗೆ ಬಿಡುತ್ತದೆ ಎಂದು ಹೇಳುವ ಅಂಕಿ. ಅಂಕಿ ಚಿಕ್ಕದಾದಷ್ಟೂ ಗೋಡೆ ತೆಳ್ಳಗಿದ್ದರೂ ನಡೆಯುತ್ತದೆ. ಇಟ್ಟಿಗೆ ಕಂಪನಿಯವರು ಅದನ್ನು ಇನ್ನೂ ಅಜ್ಜನ ಕಾಲದ ಅಳತೆಯಲ್ಲೇ ಕೊಡುತ್ತಾರೆ, ಲೆಕ್ಕದಮ್ಮ ಮೀಟರಿನ ಲೆಕ್ಕಕ್ಕೆ ತಂದುಕೊಳ್ಳಬೇಕು. ಇಟ್ಟಿಗೆಯ ದಪ್ಪವನ್ನು ಅವರು ಇಂಚಿನಲ್ಲಿ ಹಿಡಿದಿದ್ದರೆ ಪಾಯಿಂಟ್ ಒಂದು ನಾಲ್ಕು ನಾಲ್ಕರಿಂದ ಗುಣಿಸಬೇಕು. ಅಡಿಯಲ್ಲಿ ಹಿಡಿದಿದ್ದರೆ ಒಂದು ಪಾಯಿಂಟ್ ಏಳು ಮೂರರಿಂದ. ಎರಡಕ್ಕೂ ಹನ್ನೆರಡು ಪಟ್ಟು ವ್ಯತ್ಯಾಸ. ಇಂಚಂತೆ, ಅಡಿಯಂತೆ! ಇದನ್ನು ಕಂಡುಹಿಡಿದ ಪುಣ್ಯಾತ್ಮ ಒಂದು ದಿನವೂ ಕುಲುಮೆ ಮುಟ್ಟಿರಲಾರ.

ಒಂಬತ್ತು ವರ್ಷದಿಂದ ಅವಳ ಕೈಗೆ ಬಂದ ಕಾಗದಗಳೆಲ್ಲ ಇಂಚಿನವೇ. ಅಂಕಿ ಒಂದೂವರೆಯೋ ಎರಡೋ ಇರುತ್ತಿತ್ತು. ಈ ಸಲದ ಹೊಸ ಇಟ್ಟಿಗೆಯ ಕಾಗದದಲ್ಲಿ ಬರೀ ಪಾಯಿಂಟ್ ಎರಡು! ಲೆಕ್ಕದಮ್ಮನಿಗೆ ಹಿಗ್ಗೋ ಹಿಗ್ಗು. ಎಂಥಾ ಇಟ್ಟಿಗೆ ಮಾಡಿದ್ದಾರಪ್ಪ ಎಂದುಕೊಂಡು, ಬೆರಳು ಅಭ್ಯಾಸಬಲದಿಂದ ಒತ್ತುತ್ತಿದ್ದ ಪಾಯಿಂಟ್ ಒಂದು ನಾಲ್ಕು ನಾಲ್ಕನ್ನೇ ಕ್ಯಾಲ್ಕುಲೇಟರಿನಲ್ಲಿ ಒತ್ತಿದಳು. ಒಂದೇ ಸಾಲು ಇಟ್ಟಿಗೆ ಸಾಕು, ಹೊರಗಿನ ತಗಡು ನಲವತ್ತು ಡಿಗ್ರಿ ದಾಟುವುದಿಲ್ಲ ಎಂದು ಬಂತು.

ಮೇಸ್ತ್ರಿ ಆ ಇಟ್ಟಿಗೆಯೊಂದನ್ನು ಎತ್ತಿ ತೂಗಿ ನೋಡಿದ್ದರು.

"ಎರಡು ಸಾಲಾದ್ರೂ ಬೇಕು ಕಣಮ್ಮ. ಭಾರ ಇದೆ, ಅಷ್ಟು ಬಿಸಿ ತಡಿಯೋ ಮಾಲಲ್ಲ ಇದು."

"ಕೈಯಲ್ಲಿ ಎತ್ತಿ ನೋಡಿದ್ರೆ ಗೊತ್ತಾಗುತ್ತಾ ಅಪ್ಪ? ಲೆಕ್ಕ ಹಾಕಿದೀನಲ್ಲ!" ಎಂದು ಅವಳು ನಕ್ಕಿದ್ದಳು. ಪಕ್ಕದಲ್ಲಿದ್ದ ಯಜಮಾನರೂ ನಕ್ಕರು. ಮೇಸ್ತ್ರಿ ಇಟ್ಟಿಗೆ ಕೆಳಗಿಟ್ಟು, "ಸರಿ, ನಿನ್ನ ಲೆಕ್ಕ" ಎಂದು ಕರಣೆ ಎತ್ತಿಕೊಂಡು ಒಂದೇ ಸಾಲು ಕಟ್ಟಿದರು.

ಬೆಂಕಿ ಹಾಕಿದ ದಿನ ಅವಳು ಕಚೇರಿಯಲ್ಲಿ ಯಜಮಾನರ ಸಹಿಗೆ ಹೋಗುವ ನಮೂನೆ ತುಂಬುತ್ತಿದ್ದಳು. ಅದರಲ್ಲಿ ಅಂಕಿಯ ಜೊತೆ ಅಳತೆಯನ್ನೂ ಪೂರ್ತಿ ಬರೆಯಬೇಕು. ಕಾಗದ ನೋಡಿ ಬರೆಯತೊಡಗಿದಳು. ಇಂಚು ಎಂದು ಬರೆಯಲು ಹೋದ ಪೆನ್ನು ನಿಂತಿತು. ಕಾಗದದಲ್ಲಿ ಇಂಚೇ ಇರಲಿಲ್ಲ. ಅಡಿ ಇತ್ತು.

ಒಂದು ಪಾಯಿಂಟ್ ಏಳು ಮೂರರಿಂದ ಗುಣಿಸಿದಳು. ಮತ್ತೆ ಗುಣಿಸಿದಳು. ತಗಡು ನಲವತ್ತಲ್ಲ, ನೂರರ ಹತ್ತಿರ. ಅವಳು ಹಿಡಿದಿದ್ದ ಅಂಕಿಯಷ್ಟು ಬಿಸಿ ತಡೆಯುವುದು ಅಲುಗಾಡದೆ ನಿಂತ ಗಾಳಿಗೆ ಮಾತ್ರ ಸಾಧ್ಯ, ಇಟ್ಟಿಗೆ ಎಲ್ಲಿಂದ ತಡೆದೀತು! ಕಾಲೇಜು ಮೆಟ್ಟಿಲು ಹತ್ತಿದವರಿಗೆ ಯಾರಿಗಾದರೂ ಹೊಳೆಯಬೇಕಿತ್ತು. ಅಯ್ಯೋ, ಒಂದು ಗಳಿಗೆ ನಿಂತು ನೋಡಿದ್ದರೆ ಸಾಕಿತ್ತು.

ಚಪ್ಪಲಿ ಅಲ್ಲೇ ಬಿಟ್ಟು ಅಂಗಳ ದಾಟಿ ಓಡಿದಳು. ಕೆಲಸಗಾರರೆಲ್ಲ ಕುಲುಮೆ ಸುತ್ತ ನಿಂತು ಒಟ್ಟಿಗೇ ಎಣಿಸುತ್ತಿದ್ದರು. ಐದು. ಆರು. "ಅಪ್ಪಾ, ಕೈ ತೆಗಿ!" ಎಂದು ಕಿರುಚಿದಳು. ಗಾಳಿ ಊದುವ ಯಂತ್ರದ ಗದ್ದಲದಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಏಳು. ಅಪ್ಪನ ಬೆನ್ನು ನೆಟ್ಟಗಿತ್ತು, ಕತ್ತಿನ ನರ ಮಾತ್ರ ಉಬ್ಬಿತ್ತು. ಎಂಟು. ಜನರನ್ನು ತಳ್ಳಿಕೊಂಡು ಮುಂದೆ ನುಗ್ಗಿದಳು. ಅವಳು ಅವರ ತೋಳು ಹಿಡಿಯುವ ಹೊತ್ತಿಗೆ ಹತ್ತು ಆಗಿತ್ತು. ಎಳೆದರೆ ಅಂಗೈ ಬಂತು, ಚರ್ಮ ಪೂರ್ತಿ ಬರಲಿಲ್ಲ. ಅದನ್ನು ಎತ್ತಿ ತೋರಿಸಲು ಹೋಗಿ ಮೇಸ್ತ್ರಿ ಅಲ್ಲೇ ಕುಸಿದರು.

ಮೂರು ಬೆರಳು ಇನ್ನು ಮಡಚಲು ಬರುವುದಿಲ್ಲ ಎಂದು ಡಾಕ್ಟರು ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳೊಬ್ಬಳಿಗೇ ಹೇಳಿದರು. ಕರಣೆ ಹಿಡಿಯಬಹುದೇ ಎಂದು ಕೇಳಿದಳು. ಅವರು ಇಲ್ಲವೆಂದು ತಲೆ ಆಡಿಸಿ ಮುಂದಿನ ರೋಗಿಯ ಕಡೆ ಹೋದರು. ಗೋಡೆ ಒಡೆದು ಮತ್ತೆ ಎರಡು ಸಾಲು ಕಟ್ಟಬಹುದು. ಈ ಕೈಯನ್ನು ಯಾವ ಲೆಕ್ಕ ಹಾಕಿ ಕಟ್ಟುವುದು? ತಾನು ಸತ್ತುಹೋಗಬಾರದೇ ಅನ್ನಿಸಿತು ಅವಳಿಗೆ.

ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ಡಾಕ್ಟರು ಹೇಳಿದ್ದನ್ನು ಅಪ್ಪನ ಮುಖ ನೋಡದೆ ಹೇಳಿದಳು. ಆಮೇಲೆ ಕೇಳಿದಳು. "ಅಪ್ಪ, ಅಷ್ಟು ಬಿಸಿ ಇತ್ತು. ನಿಂಗೆ ಗೊತ್ತೇ ಆಗಲಿಲ್ವಾ?"

"ಎರಡು ಎಣಿಸೋವಾಗ್ಲೇ ಗೊತ್ತಾಯ್ತು ಕಣಮ್ಮ."

"ಮತ್ತೆ ಕೈ ಯಾಕೆ ತೆಗೀಲಿಲ್ಲ?"

"ನೀನು ನಲವತ್ತು ಅಂದಿದ್ಯಲ್ಲ. ವಯಸ್ಸಾಯ್ತು, ನನ್ನ ಕೈಯೇ ಸುಳ್ಳು ಹೇಳ್ತಿದೆ ಅಂದ್ಕೊಂಡೆ."

"ಕೈ ಸರಿಯಾಗೇ ಹೇಳ್ತಿತ್ತಪ್ಪ. ಇಟ್ಟಿಗೆ ಎತ್ತಿದ ದಿನಾನೂ ಸರಿಯಾಗೇ ಹೇಳಿತ್ತು. ತಪ್ಪು ನಂದು. ಹನ್ನೆರಡು ಪಟ್ಟು ತಪ್ಪು."

ಮೇಸ್ತ್ರಿ ಬಟ್ಟೆ ಸುತ್ತಿದ ಬಲಗೈಯನ್ನು ಎಡಗೈಯಿಂದ ಎತ್ತಿ ಎದೆಯ ಮೇಲೆ ಇಟ್ಟುಕೊಂಡರು.

"ಪಾಪ. ಇದನ್ನ ನಾನೇ ನಂಬಲಿಲ್ಲ" ಎಂದರು.