ಅಂಚಿನ ಮಾತು

ಎಪ್ಪತ್ಮೂರನೇ ಪುಟದ ಅಂಚಿನಲ್ಲಿ ಹಲ್ಲಿನ ಡಾಕ್ಟರು "ಇಲ್ಲಿ ಇನ್ನೂ ಸ್ವಲ್ಪ ವಿವರ ಬೇಕಿತ್ತು" ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಪಕ್ಕದ ಪ್ಯಾರಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ತೊಟ್ಟಿಯಿಂದ ಹದಿನೇಳು ವರ್ಷದ ಹುಡುಗಿಯೊಬ್ಬಳ ಹೆಣವನ್ನು ಮೇಲೆತ್ತುತ್ತಿದ್ದರು. ಗ್ರಂಥಪಾಲಕಿ ಪುಸ್ತಕವನ್ನು ಪಟ್ಟನೆ ಮುಚ್ಚಿದಳು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು, ಇನ್ನೇನು ಬರೆದಿದ್ದಾರೋ ನೋಡಿಯೇಬಿಡೋಣ ಎಂದು ಮತ್ತೆ ತೆರೆದಳು.

ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಓದುಗರ ಬಳಗ ಸೇರುತ್ತಿತ್ತು. ಅದಕ್ಕೆ ವರ್ಷಕ್ಕೆ ಹನ್ನೆರಡು ಪುಸ್ತಕ ಬೇಕು, ಆರು ಕಾದಂಬರಿ, ಆರು ನಿಜಸಂಗತಿಯವು. ಆರಿಸುವುದಕ್ಕೊಂದು ಸಮಿತಿ: ಅಧ್ಯಕ್ಷರಾಗಿ ವಕೀಲಿಕೆ ಬಿಟ್ಟ ವಕೀಲರು, ಹಲ್ಲಿನ ಡಾಕ್ಟರು, ಕಾಲೇಜಿನಲ್ಲಿ ಮೂವತ್ತು ವರ್ಷ ಸಾಹಿತ್ಯ ಪಾಠ ಮಾಡಿದ ಪ್ರೊಫೆಸರಮ್ಮ, ಮತ್ತು ಲೆಕ್ಕಕ್ಕುಂಟು ಆಟಕ್ಕಿಲ್ಲ ಎನ್ನುವ ಹಾಗೆ ಗ್ರಂಥಪಾಲಕಿ. ಒಂದೊಂದು ಪುಸ್ತಕಕ್ಕೂ ಪ್ರತಿ ಒಂದೇ. ಅದು ಮನೆಯಿಂದ ಮನೆಗೆ ಸುತ್ತಬೇಕು. ಎಲ್ಲರೂ ಕೂತು ಚರ್ಚಿಸುವುದಕ್ಕೆ ಪುರುಸೊತ್ತಿಲ್ಲವೆಂದು ಯಾವ ಕಾಲದಲ್ಲೋ ಒಂದು ಪದ್ಧತಿ ಹುಟ್ಟಿಕೊಂಡಿತ್ತು. ಅನ್ನಿಸಿದ್ದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವುದು, ಮುಂದಿನವರು ಅದರ ಕೆಳಗೆ ಉತ್ತರ ಬರೆಯುವುದು. ಆಯ್ಕೆ ಮುಗಿದ ಮೇಲೆ ಎಲ್ಲವನ್ನೂ ರಬ್ಬರಿನಿಂದ ಅಳಿಸಿ ಪುಸ್ತಕವನ್ನು ಕಪಾಟಿಗೆ ಸೇರಿಸುವುದು.

ಅಳಿಸುವ ಕೆಲಸ ಕಟ್ಟಡ ಗುಡಿಸಿ ಒರೆಸುವ ಹೆಂಗಸಿನದು. ಅವಳ ಕೈ ಹಗುರ, ಹಾಳೆ ಹರಿಯುತ್ತಿರಲಿಲ್ಲ. ಹಲ್ಲಿನ ಡಾಕ್ಟರು ತಮಾಷೆಗೆ ರಬ್ಬರಮ್ಮ ಎಂದು ಕರೆದರು, ಅದೇ ಹೆಸರು ನಿಂತುಹೋಯಿತು. ಅವಳಿಗೆ ಓದು ಬಾರದು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರು ಹೇಳಿದರು ಎಂದು ಕೇಳಿದರೆ ಮಾತ್ರ ಯಾರಿಗೂ ನೆನಪಿರಲಿಲ್ಲ.

ತೊಟ್ಟಿಯಲ್ಲಿ ಸಿಕ್ಕ ಹುಡುಗಿ ಈ ರಬ್ಬರಮ್ಮನ ಒಬ್ಬಳೇ ಮಗಳು. ಆಗಿ ಎಂಟು ವರ್ಷವಾಗಿತ್ತು. ಕಾರ್ಖಾನೆಯ ಮೇಸ್ತ್ರಿಯ ಮೇಲೆ ಕೇಸು ನಡೆದು, ಸಾಕ್ಷಿ ಸಾಲದೆ ಬಿದ್ದುಹೋಗಿತ್ತು. ಪತ್ರಕರ್ತನೊಬ್ಬ ಊರಲ್ಲಿ ತಿಂಗಳುಗಟ್ಟಲೆ ಓಡಾಡಿ ಅದನ್ನೇ ಪುಸ್ತಕ ಮಾಡಿದ. ಅದರಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದ, ಆದರೆ ಊರಿನವರಿಗೆ ಹೆಸರಿನ ಅಗತ್ಯವೇ ಇರಲಿಲ್ಲ.

ಅದನ್ನು ತರಿಸಿದ್ದು ಬೇರೆ ಯಾರೂ ಅಲ್ಲ, ಗ್ರಂಥಪಾಲಕಿಯೇ. ಹಿಂದಿನ ವರ್ಷದ ನಿಜಸಂಗತಿಯ ಪಟ್ಟಿಯಲ್ಲಿ ಇರುವೆಗಳ ಬಗ್ಗೆ ಒಂದು, ಉಪ್ಪಿನ ಬಗ್ಗೆ ಒಂದು ಪುಸ್ತಕವಿದ್ದು ಬಳಗಕ್ಕೆ ಬರುವವರು ಒಂಬತ್ತು ಜನಕ್ಕೆ ಇಳಿದಿದ್ದರು. ಇದೊಂದಿದ್ದರೆ ಕುರ್ಚಿ ತುಂಬುತ್ತವೆ ಎಂದುಕೊಂಡಿದ್ದಳು. ಹನ್ನೆರಡನೇ ಪುಟದಲ್ಲಿ ತನ್ನ ದುಂಡಗಿನ ಅಕ್ಷರದಲ್ಲಿ "ಹಿಡಿದರೆ ಬಿಡಲಾಗುವುದಿಲ್ಲ, ಒಳ್ಳೆಯ ಆರಂಭ" ಎಂದು ಬರೆದು ಮುಂದಕ್ಕೆ ಕಳಿಸಿಯೂ ಇದ್ದಳು. ಈ ಪುಸ್ತಕವನ್ನು ಕೊನೆಗೆ ಅಳಿಸುವವರು ಯಾರು ಎಂಬುದು ಆಗ ಹೊಳೆದಿತ್ತೋ ಇಲ್ಲವೋ? ಹೊಳೆದಿತ್ತು. ಹೇಗೂ ಓದು ಬರುವುದಿಲ್ಲವಲ್ಲ ಎಂದು ಸುಮ್ಮನಾಗಿದ್ದಳು. ಈಗ ಅದನ್ನು ನೆನೆದರೆ ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟುತ್ತಿತ್ತು.

ಮೂರು ಮನೆ ಸುತ್ತಿ ಬಂದ ಪುಸ್ತಕದ ಅಂಚುಗಳಲ್ಲಿ ಬಿಳಿ ಜಾಗವೇ ಉಳಿದಿರಲಿಲ್ಲ. ತಾಯಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಎರಡು ದಿನ ಕೂತದ್ದರ ಪಕ್ಕದಲ್ಲಿ ಪ್ರೊಫೆಸರಮ್ಮ "ಕರುಣರಸ ಸ್ವಲ್ಪ ಹೆಚ್ಚಾಯಿತು" ಎಂದು ಬರೆದಿದ್ದರು. ಮೇಸ್ತ್ರಿಯ ಬಗ್ಗೆ ಬಂದಲ್ಲೆಲ್ಲ ಡಾಕ್ಟರು ಬಾಯಿ ಚಪ್ಪರಿಸಿದ್ದರು. ಹೆಸರು ಬದಲಿಸಿದ್ದರೂ ಪುಸ್ತಕದ ನಡುವೆ ಪೂರ್ತಿ ಪುಟದ ಮೇಲೆ ಹುಡುಗಿಯ ಫೋಟೋ ಇತ್ತು. ಎರಡು ಜಡೆ, ಕತ್ತಿನ ತನಕ ಹಾಕಿದ ಗುಂಡಿ, ನಗಬೇಕೋ ಬೇಡವೋ ತಿಳಿಯದ ಬಾಯಿ. ಅದರ ಕೆಳಗಿನ ಖಾಲಿ ಜಾಗದಲ್ಲಿ ಡಾಕ್ಟರ ಅಕ್ಷರ: "ಕಣ್ಣು ನೋಡಿ. ಪುಸ್ತಕ ಹೇಳುವಷ್ಟು ಮುಗ್ಧೆ ಅಲ್ಲ ಇವಳು." ಅದರ ಕೆಳಗೆ ಪ್ರೊಫೆಸರಮ್ಮನ ಒಂದೇ ಮಾತು: "ಒಪ್ಪಿದೆ." ಅದರ ಕೆಳಗೆ ವಕೀಲರದು: "ಇಂಥ ಮಗಳನ್ನು ರಾತ್ರಿ ಪಾಳಿಗೆ ಕಳಿಸಿದ ತಾಯಿಯನ್ನು ಮೊದಲು ವಿಚಾರಿಸಬೇಕಿತ್ತು."

ಮೂವರೂ ಒಳ್ಳೆಯವರೆಂದೇ ಹೆಸರಾದವರು. ವಕೀಲರು ಬಡವರ ಕೇಸನ್ನು ಪುಕ್ಕಟೆ ನಡೆಸಿದವರು. ಪ್ರೊಫೆಸರಮ್ಮ ಹೆಣ್ಣುಮಕ್ಕಳ ಕಷ್ಟದ ಬಗ್ಗೆ ಭಾಷಣ ಮಾಡಿದರೆ ಸಭೆಯೇ ಕಣ್ಣೊರೆಸಿಕೊಳ್ಳುತ್ತಿತ್ತು. ಹೇಗೂ ಅಳಿಸುತ್ತಾರಲ್ಲ ಎಂಬ ಧೈರ್ಯವೊಂದಿದ್ದರೆ ಇವರೇ ಇಂಥ ಕೊಳಕನ್ನು ಕಾರಿಕೊಳ್ಳಬಲ್ಲರು. ಆ ಮೂರು ಸಾಲುಗಳನ್ನು ಮುಟ್ಟಿದ ಬೆರಳನ್ನು ಗ್ರಂಥಪಾಲಕಿ ತನಗೇ ತಿಳಿಯದಂತೆ ಸೀರೆಗೆ ಒರೆಸಿಕೊಳ್ಳುತ್ತಿದ್ದಳು.

ಶನಿವಾರ ನಾಲ್ಕು ಗಂಟೆಗೆ ಓದುವ ಕೋಣೆಯ ಉದ್ದ ಮೇಜಿನ ಸುತ್ತ ಸಮಿತಿ ಸೇರಿತು. ಕಾದಂಬರಿಗಳ ಆಯ್ಕೆ ಅರ್ಧ ಗಂಟೆಯಲ್ಲಿ ಮುಗಿಯಿತು. ಸೇತುವೆ ಕಾಯುವ ಮುದುಕನ ಕಾದಂಬರಿಯನ್ನು ದಪ್ಪವಾಯಿತೆಂದು ಬಿಟ್ಟರು, ಅವಳಿ ಅಕ್ಕತಂಗಿಯರ ಜಗಳದ್ದನ್ನು ತೆಳ್ಳಗಿದೆಯೆಂದು ಹಿಡಿದರು. ನಿಜಸಂಗತಿಯ ಸರದಿ ಬಂದಾಗ ಡಾಕ್ಟರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಈ ತೊಟ್ಟಿಯ ಪುಸ್ತಕವೇ ವರ್ಷದ ಮೊದಲನೆಯದಾಗಬೇಕು ಎಂದರು. ನಿಜಸಂಗತಿಯಾದರೂ ಕಾದಂಬರಿಯ ಹಾಗೆ ಓಡುತ್ತದೆ ಎಂದು ಪ್ರೊಫೆಸರಮ್ಮ ಹೊಗಳಿದರು. ಸಾಕ್ಷ್ಯದ ಭಾಗ ತಾಂತ್ರಿಕವಾಗಿ ದುರ್ಬಲವಾದರೂ ಚರ್ಚೆಗೆ ಆಸ್ಪದವಿದೆ ಎಂದು ವಕೀಲರು ತಲೆದೂಗಿದರು.

ಡಾಕ್ಟರಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. "ಇನ್ನೊಂದು ಅನುಕೂಲ ಇದೆ ನೋಡಿ, ಬೇರೆ ಯಾವ ಬಳಗಕ್ಕೂ ಇಲ್ಲದ್ದು. ತಾಯಿ ಇಲ್ಲೇ ಇದ್ದಾಳೆ. ಅವತ್ತು ಕರೆದು ಎದುರಿಗೆ ಕೂರಿಸಿ ನಾಲ್ಕು ಮಾತು ಆಡಿಸಿದರೆ ಹಾಲ್ ತುಂಬುತ್ತೆ" ಎಂದರು.

ಗ್ರಂಥಪಾಲಕಿ ಮನೆಯಿಂದಲೇ ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದಳು. ತರಿಸಿದ್ದು ತನ್ನ ತಪ್ಪು, ಈ ಪುಸ್ತಕವನ್ನು ಪಟ್ಟಿಯಿಂದ ತೆಗೆಯಬೇಕು, ಬದಲಿಗೆ ಮಣ್ಣಿನ ಬಗ್ಗೆ ಒಂದು ಒಳ್ಳೆಯ ಪುಸ್ತಕವಿದೆ ಎಂದಳು. ಪ್ರೊಫೆಸರಮ್ಮ ಮೂಗು ಮುರಿದರು. ಓದುಗರು ಕಹಿಸತ್ಯಕ್ಕೆ ಮುಖ ತಿರುಗಿಸಬಾರದು ಎಂದು ವಕೀಲರು ಮೆಲ್ಲಗೆ ತಿಳಿಹೇಳಿದರು. ಸತ್ಯ ಎಂಬ ಮಾತು ಅವರ ಬಾಯಲ್ಲಿ ಕೇಳಿದ್ದೇ ಅವಳಿಗೆ ಮೈಯೆಲ್ಲ ಉರಿಯಿತು. ಪುಸ್ತಕ ತೆರೆದು, ನಡಾವಳಿ ಓದುವ ಧ್ವನಿಯಲ್ಲಿ, ಏರಿಳಿತವಿಲ್ಲದೆ ಅಂಚಿನ ಮಾತುಗಳನ್ನು ಒಂದೊಂದಾಗಿ ಓದತೊಡಗಿದಳು. ಪುಟದ ಸಂಖ್ಯೆ, ಬರೆದವರು, ಬರೆದದ್ದು.

ಫೋಟೋದ ಕೆಳಗಿನ ಮೂರು ಸಾಲು ಮುಗಿಯುವ ಹೊತ್ತಿಗೆ ಪ್ರೊಫೆಸರಮ್ಮ ಕನ್ನಡಕ ತೆಗೆದು ಒರೆಸಿದರು. ಡಾಕ್ಟರು ಕಿಟಕಿಯ ಕಡೆ ನೋಡಿದರು. ಹನ್ನೆರಡನೇ ಪುಟವನ್ನು ಮಾತ್ರ ಗ್ರಂಥಪಾಲಕಿ ಓದಿರಲಿಲ್ಲ, ಹಾರಿಸಿಬಿಟ್ಟಿದ್ದಳು. ಹಾರಿಸಿದ್ದು ಅವಳಿಗೆ ಗೊತ್ತಿತ್ತು.

ಕೊನೆಗೆ ವಕೀಲರೇ ಗಂಟಲು ಸರಿಮಾಡಿಕೊಂಡರು. "ಇದು ಸಮಿತಿಯ ಒಳಗಿನ ಮಾತಮ್ಮ. ಹೊರಗೆ ಹೋಗೋದಲ್ಲ. ಪೆನ್ಸಿಲ್ ಇರೋದೇ ಅದಕ್ಕೆ, ಅಳಿಸಿದರೆ ಮುಗೀತು."

ಆದರೂ ಅವರ ಮನಸ್ಸಿಗೆ ತಾಗಿಲ್ಲವೆಂದಲ್ಲ. ಹತ್ತು ನಿಮಿಷ ಗುಸುಗುಸು ಮಾತಾಡಿಕೊಂಡು, ಸೂಕ್ಷ್ಮವಾಗಿ ನಡೆದುಕೊಳ್ಳಬೇಕು ಎಂದು ತೀರ್ಮಾನಿಸಿದರು. ಸೂಕ್ಷ್ಮವೆಂದರೆ ಇಷ್ಟು: ಪುಸ್ತಕ ಇರಲಿ, ತಾಯಿಯಿಂದ ಮಾತಾಡಿಸುವುದು ಬೇಡ, ಮುಂದಿನ ಸಾಲಿನಲ್ಲಿ ಸುಮ್ಮನೆ ಕೂರಿಸಿ ಒಂದು ಹೂಗುಚ್ಛ ಕೊಡೋಣ. ಕೇಳುವ ಜವಾಬ್ದಾರಿ ಗ್ರಂಥಪಾಲಕಿಯದು. "ನಿಮ್ಮ ಮಾತನ್ನ ಅವಳು ತೆಗೆದುಹಾಕಲ್ಲ" ಎಂದು ಡಾಕ್ಟರು ಎದ್ದು ನಿಂತು ಚಪ್ಪಲಿ ಮೆಟ್ಟಿಕೊಂಡರು. ತಾವೊಂದು ದೊಡ್ಡ ತ್ಯಾಗ ಮಾಡಿದೆವೆಂಬ ಸಮಾಧಾನ ಮೂವರ ಮುಖದಲ್ಲೂ ಇತ್ತು. ಮೆಟ್ಟಿಲಿಳಿಯುತ್ತ ಸೇತುವೆ ಕಾಯುವ ಮುದುಕನ ವಿಷಯ ಮಾತಾಡಿಕೊಂಡು ನಗುತ್ತಿದ್ದದ್ದು ಮೇಲಿನವರೆಗೂ ಕೇಳಿಸಿತು.

ಗ್ರಂಥಪಾಲಕಿ ಪುಸ್ತಕ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಅದು ಹರಿದ ಪುಸ್ತಕಗಳಿಗೆ ಅಂಟು ಹಚ್ಚುವ ಜಾಗ. ಡ್ರಾಯರಿನಿಂದ ರಬ್ಬರು ತೆಗೆದು ಮೊದಲು ಹನ್ನೆರಡನೇ ಪುಟಕ್ಕೇ ಹೋದಳು. ಇದೊಂದು ಪುಸ್ತಕವನ್ನಾದರೂ ತಾನೇ ಅಳಿಸಿಬಿಡಬೇಕು ಎಂದು ಅವಸರದಿಂದ ಉಜ್ಜಿದಳು. ಹಾಳೆ ಮಡಚಿಕೊಂಡು ಅಂಚು ಚೂರು ಹರಿಯಿತು.

"ಹಂಗೆ ಉಜ್ಜಬಾರದು."

ಬಾಗಿಲಲ್ಲಿ ರಬ್ಬರಮ್ಮ ಬಕೀಟು ಹಿಡಿದು ನಿಂತಿದ್ದಳು. ಬಕೀಟನ್ನು ಇಳಿಸಿ, ಒದ್ದೆ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. "ಕೊಡಿ ಇಲ್ಲಿ" ಎಂದು ಕೈ ಚಾಚಿದಳು.

"ಇದೊಂದು ನಾನು ಮಾಡ್ತೀನಿ ಬಿಡು" ಎಂದಳು ಗ್ರಂಥಪಾಲಕಿ.

"ಯಾಕೆ, ನಾನು ಓದಿಬಿಡ್ತೀನಿ ಅಂತಾನಾ? ಓದಿ ಆಗಿದೆ. ನಿನ್ನೆ ನಿಮ್ಮ ಮೇಜು ಒರೆಸುವಾಗ ಇತ್ತಲ್ಲ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ನಂಗೆ ಓದೋಕೆ ಬರುತ್ತೆ. ಬರಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ನೀವ್ಯಾರೂ ಕೇಳಲೂ ಇಲ್ಲ."

ಅವಳು ಅಳಿಸುತ್ತ ಬಂದು ಹದಿನೈದು ವರ್ಷ. ವರ್ಷಕ್ಕೆ ಇಪ್ಪತ್ತು ಪುಸ್ತಕ. ಯಾರು ಯಾರ ಬಗ್ಗೆ ಏನು ಬರೆದರು, ಯಾರ ಮನಸ್ಸಿನಲ್ಲಿ ಏನಿದೆ ಎಂಬುದೆಲ್ಲ ಈ ಊರಿನಲ್ಲಿ ಗೊತ್ತಿದ್ದದ್ದು ಇವಳೊಬ್ಬಳಿಗೇ ಎಂದು ಗ್ರಂಥಪಾಲಕಿಗೆ ಹೊಳೆಯಿತು. ಅವಳು ಪುಸ್ತಕವನ್ನು ಮುಂದಕ್ಕೆ ಸರಿಸಿದಳು. ರಬ್ಬರಮ್ಮ ಹನ್ನೆರಡನೇ ಪುಟದಲ್ಲಿ ಉಳಿದಿದ್ದ ಅರ್ಧ ಸಾಲನ್ನು ನೋಡಿದಳು, ಏನೂ ಅನ್ನದೆ ಅಳಿಸಿದಳು, ಹುಡಿಯನ್ನು ಊದಿ ಪುಟ ತಿರುಗಿಸಿದಳು. ಏನಾದರೂ ಅಂದಿದ್ದರೆ ವಾಸಿಯಿತ್ತು ಎನ್ನಿಸಿತು ಗ್ರಂಥಪಾಲಕಿಗೆ.

ಅವಳು ತಲೆ ತಗ್ಗಿಸಿಕೊಂಡೇ ಸಮಿತಿಯ ತೀರ್ಮಾನವನ್ನು ಹೇಳಿದಳು. ಮುಂದಿನ ಸಾಲು, ಹೂಗುಚ್ಛ, ಎಲ್ಲ. ಹೇಳುತ್ತ ಹೇಳುತ್ತ ತನ್ನ ಬಾಯಿಯೇ ತನಗೆ ಹೊಲಸಾದಂತೆ ಅನ್ನಿಸಿ, ಬರುವುದಿಲ್ಲ ಅಂದುಬಿಡು, ನಾನು ಅವರಿಗೆ ಉತ್ತರ ಕೊಡ್ತೀನಿ ಎಂದು ತಾನೇ ಸೇರಿಸಿದಳು.

"ಬರಲ್ಲ" ಎಂದಳು ರಬ್ಬರಮ್ಮ. ಅಷ್ಟರಲ್ಲಿ ಫೋಟೋದ ಪುಟ ಬಂದಿತ್ತು. "ಒಂದು ಗಂಟೆ ಎದುರಿಗೆ ಕೂತರೆ ಯಾರಾದ್ರೂ ಒಬ್ಬರು ಗುರುತು ಹಿಡಿದುಬಿಟ್ಟಾರು."

"ಎಲ್ಲರಿಗೂ ಗೊತ್ತಲ್ಲ, ನೀನು ಅವಳ ತಾಯಿ ಅಂತ."

"ಅದಲ್ಲ. ಇದು ಅವಳ ಫೋಟೋ ಅಲ್ಲ, ಮೇಡಂ."

ಗ್ರಂಥಪಾಲಕಿಗೆ ಅರ್ಥವಾಗಲಿಲ್ಲ. ರಬ್ಬರಮ್ಮ ಪುಟವನ್ನು ಅವಳ ಕಡೆ ತಿರುಗಿಸಿದಳು.

"ಆ ಪುಸ್ತಕದವನು ಮೂರು ಸಲ ಬಂದ. ಫೋಟೋ ಕೊಡೋತನಕ ಹೊಸ್ತಿಲು ಬಿಟ್ಟು ಏಳಲ್ಲ ಅಂತ ಕೂತ. ಕೊಟ್ಟರೆ ಊರೆಲ್ಲ ನೋಡ್ತಾರೆ, ನೋಡಿ ಏನೇನೋ ಅಂತಾರೆ. ಅವಳನ್ನ ಅಷ್ಟು ಜನದ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ. ಪೆಟ್ಟಿಗೇಲಿ ನಂದೊಂದಿತ್ತು, ಹದಿನಾರು ವರ್ಷ ಆಗಿದ್ದಾಗ ತೆಗೆಸಿದ್ದು. ಇದೇ ಅವಳು ಅಂತ ಅದನ್ನೇ ಕೊಟ್ಟೆ." ಅವಳು ರಬ್ಬರನ್ನು ಮತ್ತೆ ಕೈಗೆತ್ತಿಕೊಂಡಳು. "ಅವಳದು ನನ್ನ ಹತ್ರಾನೇ ಇದೆ. ಇವರಲ್ಲಿ ಒಬ್ಬರೂ ಅವಳ ಮುಖ ನೋಡಿಲ್ಲ."

ಗ್ರಂಥಪಾಲಕಿ ಫೋಟೋ ನೋಡಿದಳು, ಎದುರಿನ ಮುಖ ನೋಡಿದಳು. ಹದಿನೈದು ವರ್ಷದಿಂದ ದಿನಾ ಬೆಳಗ್ಗೆ ಬಾಗಿಲು ತೆರೆದ ಕೂಡಲೆ ಕಾಣುತ್ತಿದ್ದ ಮುಖ. ಎಷ್ಟು ಹೊತ್ತು ನೋಡಿದರೂ ಹೋಲಿಕೆ ಸಿಗಲಿಲ್ಲ. ಹುಡುಕಿ ಹುಡುಕಿ ಅವಳ ಕಣ್ಣು ತುಂಬಿ ಎರಡೂ ಮುಖಗಳು ಮಸುಕಾದವು.

ರಬ್ಬರಮ್ಮ ಪುಟವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಎಡಗೈಯ ಬೆರಳುಗಳನ್ನು ಹುಡುಗಿಯ ಗಲ್ಲದ ಕೆಳಗೆ ಅಡ್ಡ ಇಟ್ಟು, ರಬ್ಬರು ಮುಖಕ್ಕೆ ತಾಗದ ಹಾಗೆ, ಡಾಕ್ಟರ ಸಾಲಿನ ಮೊದಲ ಅಕ್ಷರದಿಂದ ಮೆಲ್ಲಗೆ ಅಳಿಸತೊಡಗಿದಳು.